ಸಂಡೂರಿನ ದಾರಿಯಲ್ಲಿ ‘ಕಲ್ಲಾದ ಮರ’ ಕೊಳ್ಳುವವರೇ, ನಿಲ್ಲಿ

6,500 ರೂಪಾಯಿ. ಮೊದಲೇ ಹೇಳಿಬಿಡುತ್ತೇನೆ, ಎರಡು ವಾರದಿಂದ ಅದು ಗಂಟಲಲ್ಲಿ ಸಿಕ್ಕಿಕೊಂಡಿದೆ. ಕಲ್ಲಾದ ಮರವೆಂದು ಅಷ್ಟು ಕೊಟ್ಟು ನಾನು ತಂದಿದ್ದು ಕಬ್ಬಿಣದ ಅದಿರಿನ ಕಲ್ಲು. ಬಳ್ಳಾರಿಯಲ್ಲಿ ಹುಟ್ಟಿದವನು, ಅದಿರು ಲಾರಿ ಓಡಿಸಿದವರ ಮಗ, ಅದಿರಿನ ಕಲ್ಲನ್ನೇ ದುಡ್ಡು ಕೊಟ್ಟು ತಂದೆ!

ಸಂಡೂರಿನಿಂದ ಬರುವಾಗ ರಸ್ತೆ ಬದಿಯಲ್ಲಿ ತಳ್ಳುಗಾಡಿ. ಅದರ ಮೇಲೆ ಕೆಂಪು, ಕಪ್ಪು ಪಟ್ಟೆಗಳ ಮೊಳದುದ್ದದ ತುಂಡು. ಥೇಟ್ ಮರದ ಎಳೆಗಳು. “ಇದೇ ಗುಡ್ಡದಲ್ಲಿ ಸಿಕ್ಕಿತು ಅಣ್ಣ, ಕೋಟಿ ವರ್ಷದ ಹಿಂದಿನ ಮರ” ಎಂದ ಗಾಡಿಯವನು. ಮಗಳ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನವಿತ್ತು. ಒಂಬತ್ತು ಸಾವಿರ ಎಂದದ್ದನ್ನು ಚೌಕಾಸಿ ಮಾಡಿ ಇಳಿಸಿದೆನೆಂದು ದಾರಿಯುದ್ದಕ್ಕೂ ಬೀಗಿದ್ದು ಬೇರೆ.

ಭೂವಿಜ್ಞಾನ ಓದಿದ ಭಾವಮೈದ ಅದನ್ನು ಎತ್ತಿ ನೋಡಿದ. ಮಾತಾಡಲಿಲ್ಲ. ಒಡೆದ ಟೈಲ್ಸ್ ಚೂರೊಂದರ ಹಿಂಬದಿಗೆ ಉಜ್ಜಿದ. ಕೆಮ್ಮಣ್ಣಿನ ಗೆರೆ ಮೂಡಿತು, ಕಬ್ಬಿಣದ ಅದಿರಿನ ಗುರುತು. “ಭಾವ, ಮರ ಕೊಯ್ದರೆ ಕಾಣುವ ಉಂಗುರ ಎಲ್ಲಿದೆ ತೋರಿಸಿ.” ತುದಿ ತಿರುಗಿಸಿದೆ, ಬುಡ ತಿರುಗಿಸಿದೆ. ಉಂಗುರವೇ ಇಲ್ಲ, ಎಲ್ಲ ಕಡೆಯೂ ನೆಟ್ಟಗಿನ ಪಟ್ಟೆ. ಪಕ್ಕದಲ್ಲಿ ಮಗಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಮರ ಕಲ್ಲಾಗಬೇಕಾದರೆ ಕೊಳೆಯುವ ಮೊದಲೇ ಕೆಸರಿನಲ್ಲೋ ಜ್ವಾಲಾಮುಖಿಯ ಬೂದಿಯಲ್ಲೋ ಹೂತುಹೋಗಬೇಕು. ಸಿಲಿಕಾ, ಅಂದರೆ ಮರಳಿನಲ್ಲಿರುವ ಖನಿಜ, ಕರಗಿದ ನೀರು ಎಳೆ ಎಳೆಗೂ ಇಳಿದು ಅಲ್ಲೇ ಗಟ್ಟಿಯಾಗುತ್ತದೆ, ಅದಕ್ಕೇ ಮರದ ರಚನೆ ಹಾಗೆಯೇ ಉಳಿಯುವುದು. ತಮಿಳುನಾಡಿನ ತಿರುವಕ್ಕರೈಯಲ್ಲಿ, ಜೈಸಲ್ಮೇರ್ ಹತ್ತಿರದ ಆಕಲ್‌ನಲ್ಲಿ ಅಂಥ ಕಾಂಡಗಳಿವೆ. ನಮ್ಮ ಸಂಡೂರಿನ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಭೂಮಿಯ ಮೇಲೆ ಮರ ಕಾಣಿಸಿಕೊಂಡದ್ದು ಸುಮಾರು 38 ಕೋಟಿ ವರ್ಷದ ಹಿಂದೆ. ಮರವೇ ಹುಟ್ಟದ ಕಾಲದ ಬಂಡೆಯಲ್ಲಿ ಮರ! ಇಷ್ಟು ಲೆಕ್ಕ ನನಗೆ ಹೊಳೆಯಲಿಲ್ಲ.

ಗಾಡಿಯವನಿಗೆ ಫೋನ್ ಮಾಡಿದೆ. “ಮರ ಕಲ್ಲಾದ ಮೇಲೆ ಕಲ್ಲಿನಂತೆಯೇ ತಾನೇ ಇರುವುದು ಅಣ್ಣ?” ಉಂಗುರ ಎಲ್ಲಿ ಎಂದೆ. “ಕೋಟಿ ವರ್ಷದಲ್ಲಿ ಸವೆದಿರುತ್ತದೆ.” ಇದು ಅದಿರು ಎಂದೆ. “ಹಾಗಾದರೆ ಇನ್ನೂ ಒಳ್ಳೆಯದಲ್ಲವೇ, ಕಬ್ಬಿಣಕ್ಕೆ ಬೆಲೆ ಇದೆ.” ಕಬ್ಬಿಣಕ್ಕೆ ಬೆಲೆ ಇದೆಯಂತೆ! ದುಡ್ಡು ವಾಪಸ್ ಕೇಳಿದಾಗ ಫೋನ್ ಇಟ್ಟ. ಆಮೇಲೆ ಎತ್ತಲೇ ಇಲ್ಲ.

ಯಾರಾದರೂ ಇಂಥದ್ದು ತೋರಿಸಿದರೆ ತುದಿಯ ಉಂಗುರ ಕೇಳಿ, ಟೈಲ್ಸ್ ಹಿಂಬದಿಗೆ ಉಜ್ಜಿ ನೋಡಿ. ನಿಜವಾದದ್ದೇ ಆಗಿದ್ದರೂ ಯಾವ ಸಂರಕ್ಷಿತ ಜಾಗದಿಂದ ಕದ್ದು ತಂದದ್ದೋ, ಮುಟ್ಟಬೇಡಿ. ಮೊನ್ನೆ ಹೋಗಿ ನೋಡಿದೆ, ತಳ್ಳುಗಾಡಿ ಅಲ್ಲಿರಲಿಲ್ಲ. ಹಂಪಿ, ಆನೆಗೊಂದಿ ಕಡೆ ಹೋಗುವವರು ಕಣ್ಣಿಟ್ಟಿರಿ.