ಸಿಪಿವಿಸಿ ಪೈಪಿಗೆ ಪೂರ್ತಿ ಅಂಕ, ನಳ್ಳಿಯ ಹಿಂದಿನ ಎಲ್ಬೋಗೆ ಇಲ್ಲ

ಉಡುಪಿ ಕಡೆಯ ಬಾವಿನೀರು ಕುಡಿಯಲು ಎಷ್ಟು ರುಚಿಯೋ ಜಿಐ ಪೈಪಿಗೆ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿಗೆ, ಅಷ್ಟೇ ಶತ್ರು. ಕೆಂಪುಕಲ್ಲಿನ ನೆಲದ ನೀರು ಸಾಮಾನ್ಯವಾಗಿ ತುಸು ಆಮ್ಲೀಯ. ಸತುವಿನ ಲೇಪ ಬೇಗ ಸವೆದು ಒಳಗೆ ತುಕ್ಕು ಕಟ್ಟುತ್ತದೆ. ನಮ್ಮ ಹಳೇ ಮನೆಯಲ್ಲಿ ಬೆಳಿಗ್ಗೆ ನಳ್ಳಿ ತಿರುಗಿಸಿದರೆ ಮೊದಲ ಒಂದೆರಡು ಚೊಂಬು ಕೆಂಪು ನೀರೇ ಬರುತ್ತಿತ್ತು. ಅದನ್ನು ಹಿಡಿದು ಮಲ್ಲಿಗೆ ಬುಡಕ್ಕೆ ಹೊಯ್ದು, ನೀರು ತಿಳಿಯಾದ ಮೇಲೆ ಕೊಡಪಾನ ಇಡುವುದು ಅಮ್ಮನ ಕ್ರಮ. ಅಪ್ಪನ ಬಿಳಿ ಪಂಚೆಗಳಂತೂ ಒಗೆದಷ್ಟೂ ಹಳದಿ.

ಕೆಲವು ವರ್ಷಗಳ ಹಿಂದೆ ಒಳಗಿನ ಲೈನು ಪೂರ್ತಿ ಸಿಪಿವಿಸಿಗೆ, ಅಂದರೆ ಬಿಸಿನೀರು ತಾಳುವ ಪ್ಲಾಸ್ಟಿಕ್ ಪೈಪಿಗೆ, ಬದಲಾಯಿಸಿದೆವು. ಪೈಪಿನ ಬಗ್ಗೆ ನನಗೆ ಒಂದೇ ಒಂದು ದೂರಿಲ್ಲ. ಈಗ ನಸುಕಿನಲ್ಲಿ ನಳ್ಳಿ ತೆರೆದರೆ ಮೊದಲ ಹನಿಯಿಂದಲೇ ಬಾವಿಯ ನೀರು ಬಾವಿಯ ನೀರಾಗಿಯೇ ಬರುತ್ತದೆ. ಅಕ್ಕಿ ತೊಳೆಯಲು ಕಾಯಬೇಕಿಲ್ಲ. ಬಚ್ಚಲಿನಲ್ಲಿ ಬಿಸಿನೀರು ಬರುವ ರಭಸವೂ ಹೆಚ್ಚಾಗಿದೆ, ಯಾಕೆಂದರೆ ಹಳೇ ಪೈಪಿನ ಅರ್ಧ ಬಾಯಿ ತುಕ್ಕಿನಿಂದಲೇ ಮುಚ್ಚಿತ್ತು.

ಹೀಗೆ ಖುಷಿಯಲ್ಲಿದ್ದಾಗ ಒಂದು ಜುಲೈಯಲ್ಲಿ ಬಚ್ಚಲಿನ ಹಿಂದಿನ ಕೋಣೆಯ ಗೋಡೆ ಒದ್ದೆಯಾಯಿತು. ನಮ್ಮಲ್ಲಿ ಜುಲೈಯಲ್ಲಿ ಒದ್ದೆಯಾಗದ ಗೋಡೆ ಯಾವುದಿದೆ? ಮಳೆಯದ್ದೇ ಎಂದು ಎಲ್ಲರೂ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ರಾತ್ರಿ ಪಂಪು ಆರಿಸಿ, ಎಲ್ಲ ನಳ್ಳಿ ಮುಚ್ಚಿ, ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದಿಟ್ಟೆ. ಬೆಳಿಗ್ಗೆ ನೀರು ಗೆರೆಯಿಂದ ನಾಲ್ಕು ಬೆರಳು ಕೆಳಗೆ! ಟೈಲ್ಸ್ ಒಡೆದು ನೋಡಿದರೆ ನಳ್ಳಿ ಕೂರುವ ಎಲ್ಬೋದ (ಪೈಪು ತಿರುಗುವ ಮೊಣಕೈಯಂಥ ತುಂಡಿನ) ಥ್ರೆಡ್, ಅಂದರೆ ತಿರುಪಿನ ಭಾಗ, ಉದ್ದಕ್ಕೆ ಸೀಳಿತ್ತು. ಕೂದಲೆಳೆಯಷ್ಟು ಸೀಳು, ಉಗುರಿಗೆ ಸಿಕ್ಕಿತು, ಕಣ್ಣಿಗೆ ಸಿಗಲಿಲ್ಲ. ಅದೇ ಬಣ್ಣದ ಟೈಲ್ಸ್ ಈಗ ಉಡುಪಿಯಲ್ಲೂ ಇಲ್ಲ, ಮಂಗಳೂರಿನಲ್ಲೂ ಇಲ್ಲ.

ಇಲ್ಲಿಯೇ ನನ್ನ ಸಿಟ್ಟು. ಗುತ್ತಿಗೆ ಹಿಡಿದವರು ಪೈಪು ಒಳ್ಳೆಯದೇ ತಂದು, ನಳ್ಳಿಯ ಜಾಗಕ್ಕೆಲ್ಲ ಬರೀ ಪ್ಲಾಸ್ಟಿಕ್ ಥ್ರೆಡ್ಡಿನ ಎಲ್ಬೋ ಕೂರಿಸಿದ್ದರು. ನಳ್ಳಿಯ ಥ್ರೆಡ್ ತುದಿಗೆ ಸಪೂರ, ಹಿಂದಕ್ಕೆ ದಪ್ಪ. ಬಿಗಿಮಾಡುತ್ತ ಹೋದಂತೆ ಅದು ಬೆಣೆಯ ಹಾಗೆ ಪ್ಲಾಸ್ಟಿಕ್ಕನ್ನು ಒಳಗಿನಿಂದ ಅಗಲಿಸುತ್ತದೆ. ಒಳಗೆ ಹಿತ್ತಾಳೆಯ ಥ್ರೆಡ್ ತುಂಡು (ಇನ್ಸರ್ಟ್) ಕೂರಿಸಿದ ಎಲ್ಬೋದಲ್ಲಿ ಆ ಒತ್ತಡವನ್ನು ಹಿತ್ತಾಳೆ ತಾಳಿಕೊಳ್ಳುತ್ತದೆ. ಬೆಲೆ ಸಾದಾದ್ದಕ್ಕಿಂತ ಹಲವು ಪಟ್ಟು ನಿಜ, ಆದರೆ ಒಂದು ಬಚ್ಚಲಿಗೆ ಬೇಕಾಗುವುದು ಬೆರಳೆಣಿಕೆಯಷ್ಟು. ಇನ್ನೊಂದು ವಿಷಯ: ಜಿಐ ಕಾಲದ ಅಭ್ಯಾಸದಿಂದ ಕೆಲವರು ಸಿಪಿವಿಸಿ ಥ್ರೆಡ್ಡಿಗೂ ಸಣಬು ಸುತ್ತಿ ಪೇಂಟು ಬಳಿಯುತ್ತಾರೆ. ಪೇಂಟಿನ ಎಣ್ಣೆ, ದ್ರಾವಕಗಳು ಸಿಪಿವಿಸಿಗೆ ಆಗಿಬರುವುದಿಲ್ಲ, ಸೀಳಿಸುತ್ತವೆ. ಟೆಫ್ಲಾನ್ ಟೇಪು ಸಾಕು, ಅದನ್ನೂ ಹಗ್ಗದಂತೆ ಸುತ್ತಬೇಡಿ.

ಅಂಗಡಿಯಲ್ಲಿ ಒತ್ತಡದ ಲೆಕ್ಕ ಹೇಳಿ ದಪ್ಪ ಪೈಪು ಮಾರಲು ನೋಡುತ್ತಾರೆ. ನೀರು ಹತ್ತು ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ. ಒಂದು ಮಾಳಿಗೆಯ ಮನೆಗೆ ಐಎಸ್ 15778 (ಸಿಪಿವಿಸಿ ಪೈಪಿನ ಭಾರತೀಯ ಮಾನಕ) ಗುರುತಿರುವ ಎಸ್‌ಡಿಆರ್ 13.5 ಎಂಬ ತೆಳು ಗೋಡೆಯ ಪೈಪೇ ಧಾರಾಳ. ಉಳಿದ ದುಡ್ಡನ್ನು ಹಿತ್ತಾಳೆಗೆ ಹಾಕಿ. ಅಂಗಳದ ಗಿಡಗಳ ಲೈನಿಗೆ ನಾನು ಬಿಸಿನೀರಿಗಾಗದ ಅಗ್ಗದ ಪ್ಲಾಸ್ಟಿಕ್ ಪೈಪು ಯುಪಿವಿಸಿಯನ್ನೇ ಹಾಕಿದ್ದೇನೆ, ತಣ್ಣೀರಿಗೆ ಅದು ಸಾಕು. ಎರಡರ ಫಿಟ್ಟಿಂಗ್ ಮಾತ್ರ ಒಂದಕ್ಕೊಂದು ಕೂರುವುದಿಲ್ಲ: ಮುಕ್ಕಾಲು ಇಂಚು ಎಂದರೆ ಸಿಪಿವಿಸಿಯ ಹೊರವ್ಯಾಸ 22.2 ಮಿಮೀ, ಥ್ರೆಡ್ ಮಾಡುವ ಯುಪಿವಿಸಿಯದ್ದು 26.7. ಅಂಟೂ ಬೇರೆ. ಸೋಲಾರಿನಿಂದ ಇಳಿಯುವ ಮೊದಲ ತುಂಡು ಲೋಹದ್ದೇ ಇರಲಿ. ಸಿಪಿವಿಸಿಯ ಮಿತಿ 93 ಡಿಗ್ರಿ, ಏಪ್ರಿಲ್ ಬಿಸಿಲಿನಲ್ಲಿ ಎರಡು ದಿನ ಮನೆಗೆ ಬೀಗ ಹಾಕಿ ಹೋದರೆ ನೀರು ಎಷ್ಟು ಕಾದಿರುತ್ತದೋ ಹೇಳಲಾಗದು.

ರಿಪೇರಿಯ ನೆಪದಲ್ಲಿ ಪ್ರತಿ ಬಚ್ಚಲಿಗೂ ಒಂದು ಬಾಲ್ ವಾಲ್ವ್ ಹಾಕಿಸಿದ್ದು ನಿಜವಾದ ಸುಖ. ಮೊದಲು ಒಂದು ವಾಷರ್ ಬದಲಿಸಲೂ ಟ್ಯಾಂಕಿನ ಬುಡದಲ್ಲಿ ಬಂದ್ ಮಾಡಿ ಇಡೀ ಮನೆ ಒಣಗಬೇಕಿತ್ತು. ಈಗ ಕಾಲು ಸುತ್ತು ತಿರುಗಿಸಿದರೆ ಆ ಬಚ್ಚಲು ಮಾತ್ರ ಬಂದ್, ಅಡುಗೆಮನೆಯಲ್ಲಿ ಕೆಲಸ ನಡೆದೇ ಇರುತ್ತದೆ. ತಿಂಗಳಿಗೊಮ್ಮೆ ಎಲ್ಲ ವಾಲ್ವ್ ತಿರುಗಿಸಿ ಇಡುತ್ತೇನೆ, ಇಲ್ಲದಿದ್ದರೆ ಅಂಟಿಕೊಳ್ಳುತ್ತವೆ.

ಪೈಪಿಗೆ ಐದಕ್ಕೆ ಐದು, ಸಾದಾ ಥ್ರೆಡ್ ಎಲ್ಬೋಗೆ ಒಂದು. ಅಡುಗೆಮನೆಯ ಗೋಡೆಯಲ್ಲಿ ಅಂಥವು ಇನ್ನೂ ಎರಡಿವೆ. ಈ ಮಳೆ ಬಿಟ್ಟ ಕೂಡಲೇ, ಸೋರುವ ಮೊದಲೇ, ಅವನ್ನೂ ತೆಗೆಸುತ್ತೇನೆ.