ಆಡಿಟ್‌ಗೆ ಟಿ-ಕಾರ್ಡ್ ಬೋರ್ಡ್: ತಗೊಳ್ಳಬಹುದಾ, ಸುಮ್ನೆ ದಂಡವಾ?

ಕಾರ್ಖಾನೆಯ ಲೈನಿನಲ್ಲಿ ಕೆಲಸ ಸರಿಯಾಗಿ ನಡೆಯುತ್ತಿದೆಯಾ ಅಂತ ಆಗಾಗ ಹೋಗಿ ನೋಡುವ ಆಡಿಟ್‌ಗೆ ಟಿ-ಕಾರ್ಡ್ ಬೋರ್ಡ್ ತಗೊಳ್ಳಬಹುದಾ ಅಂದರೆ, ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳಬಹುದು. ಆದರೆ ಒಂದು ಷರತ್ತು ಇದೆ. ಬೋರ್ಡಿನಲ್ಲಿ ಲೈನ್ ಲೀಡರ್ ಸಾಲಿನ ಜೊತೆ ಮ್ಯಾನೇಜರ್ ಸಾಲೂ ಇರಬೇಕು. ಅದಕ್ಕೆ ಮೇಲಿನವರು ಒಪ್ಪದಿದ್ದರೆ ದುಡ್ಡು ಉಳಿಸಿಕೊಳ್ಳಿ, ಈಗಿರುವ ಚೆಕ್‌ಲಿಸ್ಟ್ ಫೈಲೇ ಸಾಕು.

ಗೊತ್ತಿಲ್ಲದವರಿಗೆ ವಸ್ತು ಏನು ಅಂತ ಎರಡು ಮಾತು. ಗೋಡೆಗೆ ಹಾಕುವ ಒಂದು ತಗಡಿನ ಫ್ರೇಮು, ಅದರಲ್ಲಿ ಸಾಲಾಗಿ ಸೀಳು ಜೇಬುಗಳು. ಜೇಬಿಗೆ ಇಳಿಸುವ ಕಾರ್ಡು ಇಂಗ್ಲಿಷ್ ಟಿ ಅಕ್ಷರದ ಆಕಾರದಲ್ಲಿರುತ್ತದೆ. ಕಾಲು ಒಳಗೆ ಹೋಗುತ್ತದೆ, ತಲೆ ಮಾತ್ರ ಹೊರಗೆ ಕಾಣುತ್ತದೆ. ಒಂದು ಬದಿ ಕೆಂಪು, ಇನ್ನೊಂದು ಬದಿ ಹಸಿರು. ಅಡ್ಡಕ್ಕೆ ವಾರದ ದಿನಗಳು, ಉದ್ದಕ್ಕೆ ಯಾರು ನೋಡಬೇಕು ಅನ್ನುವುದು. ಕಾರ್ಡು ತೆಗೆಯಿರಿ, ಅದರಲ್ಲಿರುವ ಜಾಗಕ್ಕೆ ಹೋಗಿ, ಬರೆದಿದ್ದನ್ನು ನೋಡಿ, ಬಂದು ಹಸಿರು ಬದಿ ಮುಂದೆ ಮಾಡಿ ಇಡಿ. ಅಷ್ಟೇ. ಟೊಯೋಟಾ ಕಡೆಯಿಂದ ಬಂದ ಪದ್ಧತಿ ಇದು, ಕಾಮಿಶಿಬಾಯ್ ಬೋರ್ಡ್ ಅಂತ ಕರೆಯುತ್ತಾರೆ. ಕಾರ್ಖಾನೆಗೆ ಮಾತ್ರ ಅಂದುಕೊಳ್ಳಬೇಡಿ, ರೋಗಿಯ ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆಯಿಂದ (ಸೆಂಟ್ರಲ್ ಲೈನ್) ಸೋಂಕು ಆಗದ ಹಾಗೆ ನೋಡಿಕೊಳ್ಳುತ್ತಿದ್ದಾರಾ ಅಂತ ಪರೀಕ್ಷಿಸಲು ಮಕ್ಕಳ ಆಸ್ಪತ್ರೆಗಳಲ್ಲೂ ಇಂಥವೇ ಕಾರ್ಡುಗಳನ್ನು ಬಳಸುತ್ತಾರೆ.

ಈಗ ಸಾಮಾನಿನ ಗುಣಮಟ್ಟದ ವಿಷಯ. ಪೌಡರ್ ಕೋಟಿಂಗ್ ಮಾಡಿದ ತಗಡಿನ ಫ್ರೇಮ್ ಗಟ್ಟಿ, ಅದರ ಬಗ್ಗೆ ದೂರಿಲ್ಲ. ತೊಂದರೆ ಇರುವುದು ಕಾರ್ಡಿನಲ್ಲಿ. ಜೊತೆಗೆ ಬರುವ ದಪ್ಪ ಕಾಗದದ ಕಾರ್ಡು ಆಫೀಸಿಗೆ ಸರಿ, ಆದರೆ ಮೆಷೀನ್ ಪಕ್ಕದಲ್ಲಿ ಎಣ್ಣೆ ಕೈ ತಾಗಿ ತಾಗಿ ಬೇಗ ಗಲೀಜಾಗುತ್ತದೆ. ಸರಿ ಲ್ಯಾಮಿನೇಟ್ ಮಾಡಿಸೋಣ ಅಂದರೆ ಜೇಬಿಗೆ ಬಿಗಿಯಾಗುತ್ತದೆ, ಎಳೆದು ತೆಗೆಯುವಾಗ ತಲೆಯ ಅಂಚು ಕಿತ್ತು ಬರುತ್ತದೆ. ಪ್ಲಾಸ್ಟಿಕ್ ಕಾರ್ಡು ತಗೊಳ್ಳಿ, ಅಥವಾ ಲ್ಯಾಮಿನೇಟ್ ಮಾಡಿದ ಒಂದು ಕಾರ್ಡನ್ನು ಅಂಗಡಿಯವರಿಗೆ ಕೊಟ್ಟು ಜೇಬಿಗೆ ಹಾಕಿ ತೋರಿಸಿ ಅನ್ನಿ. ಇನ್ನೊಂದು, ಜೇಬಿಗೆ ಹಾಕಿದ ಮೇಲೆ ಕಾರ್ಡಿನ ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ, ಹಾಗಾಗಿ ಬಣ್ಣವೂ ಕಾರ್ಡಿನ ನಂಬರೂ ತಲೆಯ ಮೇಲೇ ಇರಬೇಕು. ಕೆಲವು ಕಾರ್ಡುಗಳಲ್ಲಿ ಬಣ್ಣವನ್ನು ಮಧ್ಯದಲ್ಲಿ ಪಟ್ಟಿ ಹಾಗೆ ಹೊಡೆದಿರುತ್ತಾರೆ, ಅದು ಯಾವ ಪುಣ್ಯಾತ್ಮನ ಐಡಿಯಾನೋ.

ಕೆಂಪು ಹಸಿರು ವ್ಯತ್ಯಾಸ ಕಾಣದವರೂ ಇರುತ್ತಾರೆ, ಅದರಲ್ಲೂ ಗಂಡಸರಲ್ಲಿ ಜಾಸ್ತಿ. ಕೆಂಪು ಬದಿಯ ತಲೆಯ ಮೇಲೆ ದಪ್ಪ ಮಾರ್ಕರ್‌ನಲ್ಲಿ ಒಂದು ಇಂಟು ಗುರುತು ಎಳೆದುಬಿಡಿ, ಮುಗಿಯಿತು.

ಬೋರ್ಡಿಗಿಂತ ಕಾರ್ಡಿನಲ್ಲಿ ಏನು ಬರೆಯುತ್ತೀರಿ ಅನ್ನುವುದು ಮುಖ್ಯ. ಮಾರುವವರು ಕೊಡುವ ಸ್ಯಾಂಪಲ್ ಕಾರ್ಡುಗಳು ಮಹಾ ಬೋರು. "ಕೆಲಸದ ಜಾಗ ಸ್ವಚ್ಛವಾಗಿದೆಯೇ?" "ಸುರಕ್ಷತಾ ನಿಯಮ ಪಾಲನೆ ಆಗುತ್ತಿದೆಯೇ?" ಇದಕ್ಕೆ ಕಣ್ಣು ಮುಚ್ಚಿಕೊಂಡು ಹೌದು ಅನ್ನಬಹುದು, ಅಲ್ವಾ? ನಮ್ಮ ಲೈನಿನಲ್ಲಿ ಚೆನ್ನಾಗಿ ಕೆಲಸ ಮಾಡಿದ ಒಂದು ಕಾರ್ಡು ಹೇಳುತ್ತೇನೆ. ತಪ್ಪು ಪೀಸ್ ಬಂದರೆ ಮೆಷೀನ್ ತಾನೇ ನಿಲ್ಲಬೇಕು, ಅದಕ್ಕೊಂದು ಸೆನ್ಸರ್ ಇದೆ. ಕಾರ್ಡಿನಲ್ಲಿ ಹೀಗೆ ಬರೆದಿದೆ (ಫಿಕ್ಸ್ಚರ್ ಅಂದರೆ ಮೆಷೀನಿನಲ್ಲಿ ಪೀಸನ್ನು ಹಿಡಿದಿಡುವ ಸಾಧನ): "ಕೆಂಪು ಡಬ್ಬಿಯಲ್ಲಿರುವ ರಿಜೆಕ್ಟ್ ಪೀಸನ್ನು ಆಪರೇಟರ್ ಕೈಯಿಂದ ಫಿಕ್ಸ್ಚರ್‌ಗೆ ಹಾಕಿಸಿ, ಸ್ಟಾರ್ಟ್ ಒತ್ತಿಸಿ. ಮೆಷೀನ್ ನಿಂತು ಲೈಟ್ ಹತ್ತಿತಾ? ಪೀಸ್ ವಾಪಸ್ ಡಬ್ಬಿಗೆ ಹೋಯಿತಾ?" ಕೆಳಗೆ ಡಬ್ಬಿಯ ಫೋಟೋ. ಇದನ್ನು ಕುರ್ಚಿಯಲ್ಲಿ ಕೂತು ಮಾಡಲು ಆಗುವುದಿಲ್ಲ. ಆಪರೇಟರ್ ಜೊತೆ ನಿಲ್ಲಲೇಬೇಕು, ಮಾತಾಡಲೇಬೇಕು. ಸೆನ್ಸರ್ ಮೇಲೆ ಧೂಳು ಕೂತು ಕೆಟ್ಟ ಪೀಸನ್ನೂ ಒಳ್ಳೆಯದು ಅಂತ ಬಿಟ್ಟದ್ದು ಗೊತ್ತಾಗಿದ್ದು ಈ ಕಾರ್ಡಿನಿಂದಲೇ. ಎರಡನೇ ಪ್ರಶ್ನೆಯನ್ನು ಮರೆಯಬೇಡಿ, ಪರೀಕ್ಷೆಗೆ ಹಾಕಿದ ರಿಜೆಕ್ಟ್ ಪೀಸ್ ಒಳ್ಳೆ ಮಾಲಿನ ಜೊತೆ ಸೇರಿ ಗಿರಾಕಿಗೆ ಹೋದರೆ ಆಮೇಲೆ ಇರುತ್ತದೆ ಹಬ್ಬ.

ಒಂದು ಕಾರ್ಡು ಐದು ನಿಮಿಷದೊಳಗೆ ಮುಗಿಯಬೇಕು. ಅದಕ್ಕಿಂತ ಉದ್ದ ಆದರೆ ಜನ ಮುಂದೂಡುತ್ತಾರೆ.

ಈ ಬೋರ್ಡಿನ ನಿಜವಾದ ಗೊಂದಲ ಬಣ್ಣದ ಅರ್ಥದಲ್ಲಿದೆ, ಇದನ್ನು ಯಾವ ಕ್ಯಾಟಲಾಗೂ ಬಿಡಿಸಿ ಹೇಳುವುದಿಲ್ಲ. ಕೆಂಪು ಅಂದರೆ "ಇನ್ನೂ ನೋಡಿಲ್ಲ" ಅಂತಲಾ, "ನೋಡಿದೆ, ತಪ್ಪಿದೆ" ಅಂತಲಾ? ಕೆಲವು ಕಡೆ ಮೊದಲನೆಯದು, ಕೆಲವು ಕಡೆ ಎರಡನೆಯದು, ಇನ್ನು ಕೆಲವು ಕಡೆ ಎರಡೂ. ಎರಡೂ ಆದರೆ ಬೋರ್ಡು ಮುಗಿದ ಹಾಗೇ. ಯಾಕೆಂದರೆ ತಪ್ಪು ಹುಡುಕಿದವನ ಕಾರ್ಡೂ ಸೋಮಾರಿಯ ಕಾರ್ಡೂ ಒಂದೇ ಥರ ಕಾಣುತ್ತವೆ, ಎರಡು ವಾರದಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ. ಕೆಂಪು ಹಸಿರನ್ನು ಕೇವಲ ಆಗಿದೆ, ಆಗಿಲ್ಲ ಅನ್ನುವುದಕ್ಕೆ ಇಡಿ. ತಪ್ಪು ಸಿಕ್ಕರೆ ಅದೇ ಜೇಬಿನಲ್ಲಿ ಮುಂದೆ ಒಂದು ಹಳದಿ ಚೀಟಿ, ಅದರಲ್ಲಿ ಏನು ಸಿಕ್ಕಿತು, ಯಾರು ಸರಿ ಮಾಡುತ್ತಾರೆ, ಯಾವತ್ತಿಗೆ. ಸರಿ ಆಗುವವರೆಗೆ ಹಳದಿ ಅಲ್ಲೇ ಇರಲಿ.

ಇನ್ನು ಆ ಷರತ್ತಿನ ವಿಷಯ. ಲೇಯರ್ಡ್ ಪ್ರೊಸೆಸ್ ಆಡಿಟ್ ಅಂತ ವಾಹನ ಉದ್ಯಮದವರು ಮಾಡುವುದು ಇದನ್ನೇ, ಅಮೆರಿಕದ ವಾಹನ ಉದ್ಯಮದ ಸಂಸ್ಥೆ ಎಐಎಜಿಯ ಸಿಕ್ಯೂಐ-8 ಗೈಡ್‌ಲೈನ್ ಇದರ ಬಗ್ಗೆಯೇ ಇದೆ. ಒಂದೇ ಪ್ರೊಸೆಸನ್ನು ಬೇರೆ ಬೇರೆ ಮಟ್ಟದವರು ನೋಡಬೇಕು. ಲೈನ್ ಲೀಡರ್ ಪ್ರತಿ ಶಿಫ್ಟ್, ಸೂಪರ್‌ವೈಸರ್ ವಾರಕ್ಕೊಮ್ಮೆ, ಮ್ಯಾನೇಜರ್ ತಿಂಗಳಿಗೊಮ್ಮೆ, ಹೀಗೆ ಏನೋ ಒಂದು ಲೆಕ್ಕ. ಫೈಲಿನಲ್ಲಿದ್ದಾಗ ಮ್ಯಾನೇಜರ್ ಆಡಿಟ್ ಮಾಡಿಲ್ಲ ಅನ್ನುವುದು ಫೈಲಿಗೂ ಕ್ವಾಲಿಟಿಯವರಿಗೂ ಮಾತ್ರ ಗೊತ್ತು. ಬೋರ್ಡಿನಲ್ಲಿ ಅವರ ಕಾರ್ಡು ಕೆಂಪಾಗೇ ಕೂತಿದ್ದರೆ ನೀರು ಕುಡಿಯಲು ಹೋಗುವ ಪ್ರತಿಯೊಬ್ಬ ಆಪರೇಟರ್‌ಗೂ ಕಾಣುತ್ತದೆ. ಬಾಯಿ ಬಿಟ್ಟು ಯಾರೂ ಏನೂ ಅನ್ನುವುದಿಲ್ಲ, ಆದರೆ ದೊಡ್ಡವರು ಆ ಕಡೆ ಹಾದು ಹೋಗುವಾಗ ಸ್ವಲ್ಪ ಬೇಗ ಬೇಗ ನಡೆಯುತ್ತಾರೆ, ಮಾರನೇ ದಿನ ಕಾರ್ಡು ತೆಗೆಯುತ್ತಾರೆ. ಈ ಬೋರ್ಡಿಗೆ ಕೊಡುವ ದುಡ್ಡು ಈ ಒಂದಕ್ಕೇ. ಅದಕ್ಕೇ ಬೋರ್ಡನ್ನು ಆಫೀಸ್ ಕಾರಿಡಾರಿನಲ್ಲಿ, ಮೀಟಿಂಗ್ ರೂಮಿನಲ್ಲಿ ಹಾಕಬೇಡಿ. ಕೆಲಸ ನಡೆಯುವ ಜಾಗದಲ್ಲಿ, ಕಣ್ಣಿನ ಎತ್ತರಕ್ಕೆ ಹಾಕಿ.

ಮೋಸ ಆಗುವುದಿಲ್ವಾ? ಆಗುತ್ತದೆ. ವಾರದ ಕೊನೆಯ ದಿನ ಸಂಜೆ ಒಬ್ಬರು ಬಂದು ಪಟಪಟ ಅಂತ ಎಲ್ಲಾ ಕಾರ್ಡು ತಿರುಗಿಸಿ ಹೋಗುವುದು, ಗೈರಾದವನಿಗೆ ಹಾಜರಿ ಹಾಕಿದ ಹಾಗೆ, ಎಲ್ಲಾ ಕಡೆ ಇರುವ ರೋಗವೇ. ತಿಂಗಳುಗಟ್ಟಲೆ ಒಂದೂ ಹಳದಿ ಚೀಟಿ ಇಲ್ಲದೆ ಹಸಿರೋ ಹಸಿರು ಅಂದರೆ ಖುಷಿ ಪಡಬೇಡಿ, ಅನುಮಾನ ಪಡಿ. ಕಾರ್ಡುಗಳನ್ನು ಆಗಾಗ ಬದಲಾಯಿಸಿ, ಯಾರಿಗೆ ಯಾವ ಕಾರ್ಡು ಅಂತ ಮೊದಲೇ ಗೊತ್ತಾಗದ ಹಾಗೆ ಕಲಸಿ ಇಡಿ. ಯಾವತ್ತೂ ತಪ್ಪು ಸಿಗದ ಪ್ರಶ್ನೆಗೆ ಸ್ವಲ್ಪ ದಿನ ರಜೆ ಕೊಟ್ಟು, ಇತ್ತೀಚೆಗೆ ಗಿರಾಕಿಯಿಂದ ಬಂದ ಕಂಪ್ಲೇಂಟಿನ ಮೇಲೆ ಒಂದು ಹೊಸ ಕಾರ್ಡು ಬರೆಯಿರಿ.

ದೊಡ್ಡ ಕೊರತೆ ಅಂದರೆ ಬೋರ್ಡಿಗೆ ನೆನಪಿಲ್ಲ. ಹೊಸ ವಾರ ಶುರುವಾಗುವಾಗ ಎಲ್ಲಾ ಕಾರ್ಡು ಮತ್ತೆ ಕೆಂಪಿಗೆ ತಿರುಗಿಸುತ್ತೀರಿ, ಹೋದ ವಾರದ ಕಥೆ ಅಲ್ಲಿಗೆ ಮುಗಿಯಿತು. ತಿರುಗಿಸುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ, ಹಳದಿ ಚೀಟಿಗಳನ್ನು ಒಂದು ಶೀಟಿಗೆ ಏರಿಸಿ. ಮತ್ತೆ, ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 9001ರ 9.2ನೇ ಭಾಗದಲ್ಲಿ ಹೇಳುವ ಇಂಟರ್ನಲ್ ಆಡಿಟ್‌ಗೆ ಇದು ಬದಲಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೆ ಪ್ಲಾನು, ದಾಖಲೆ ಎಲ್ಲಾ ಬೇರೆ ಬೇಕು.

ಹಾಗಾದರೆ ಆ್ಯಪ್‌ನಲ್ಲೇ ಮಾಡಬಾರದಾ ಅಂತ ಕೇಳುತ್ತೀರಿ. ಕೆಲಸಗಳನ್ನು ಕಾರ್ಡುಗಳಾಗಿ ತೋರಿಸುವ ಟ್ರೆಲ್ಲೊ ಥರದ ಆ್ಯಪ್ 2011ರಿಂದಲೇ ಇದೆ. ಕಾರ್ಡು, ಕಾಲಮ್ಮು, ಗಡುವಿನ ದಿನ, ಫೋಟೋ ಎಲ್ಲಾ ಸಿಗುತ್ತದೆ, ದಿನಾ ಅದೇ ಕಾರ್ಡು ತಾನಾಗಿ ಬರುವ ಹಾಗೂ ಸೆಟ್ ಮಾಡಬಹುದು. ಬೇರೆ ಬೇರೆ ಊರಿನಲ್ಲಿ ಬ್ರಾಂಚುಗಳಿದ್ದರೆ, ಅಥವಾ ಕೆಲಸವೇ ಕಂಪ್ಯೂಟರ್ ಮುಂದೆ ಇದ್ದರೆ ನಾನೂ ಆ್ಯಪ್ ಅನ್ನೇ ಆರಿಸುತ್ತೇನೆ. ಹಳೇ ದಾಖಲೆ ಹುಡುಕುವುದೂ ಸುಲಭ. ಆದರೆ ಲೈನಿನಲ್ಲಿ ನಿಂತ ಜನಕ್ಕೆ ಅದು ಕಾಣುವುದಿಲ್ಲ, ತೆರೆದವರಿಗೆ ಮಾತ್ರ ಕಾಣುತ್ತದೆ, ತೆರೆಯಬೇಕಾದವರು ತೆರೆಯುವುದಿಲ್ಲ. ನೋಟಿಫಿಕೇಶನ್ ಬಂದರೆ ಹೆಬ್ಬೆರಳಲ್ಲಿ ಪಕ್ಕಕ್ಕೆ ತಳ್ಳುತ್ತಾರೆ. ನಮ್ಮಲ್ಲಿ ಈಗ ಇರುವ ವ್ಯವಸ್ಥೆ ಏನೆಂದರೆ ನೋಡುವುದು ತಿರುಗಿಸುವುದು ಗೋಡೆಯ ಮೇಲೆ, ಹಳದಿ ಚೀಟಿ ಬಿದ್ದ ಕೆಲಸದ ಬೆನ್ನು ಹತ್ತುವುದು ಆ್ಯಪ್‌ನಲ್ಲಿ.

ಹತ್ತು ಜನರೂ ಇಲ್ಲದ ಜಾಗಕ್ಕೆ ಇದು ಬೇಡ, ಒಂದು ವೈಟ್‌ಬೋರ್ಡು, ಎರಡು ಬಣ್ಣದ ಮ್ಯಾಗ್ನೆಟ್ಟು ಸಾಕು. ತಗೊಳ್ಳುವವರು ದೊಡ್ಡ ಸೈಜಿಗೆ ಆಸೆ ಪಡಬೇಡಿ, ಜೇಬು ಜಾಸ್ತಿ ಇದ್ದರೆ ತುಂಬಿಸಲಿಕ್ಕೆ ಅಂತಲೇ ಕಾರ್ಡು ಹುಟ್ಟುತ್ತವೆ. ಚಿಕ್ಕದು ತಗೊಳ್ಳಿ. ಉಳಿದ ದುಡ್ಡಿನಲ್ಲಿ ಖಾಲಿ ಕಾರ್ಡು ಒಂದು ಕಟ್ಟು ಜಾಸ್ತಿ ತರಿಸಿಕೊಳ್ಳಿ, ಬೇರೆ ಕಂಪನಿಯ ಕಾರ್ಡು ಈ ಜೇಬಿಗೆ ಕೂರುವುದು ಡೌಟು.