ಮಳೆಗಾಲದ ರಾತ್ರಿಗೆ ಮೂರು ಕಾರ್ಡ್ ಆಟ: ಮೈ ಜುಮ್ಮೆನ್ನಿಸುವುದು ಯಾವುದು?

ಶಿರಸಿ, ಸಿದ್ದಾಪುರದ ಕಡೆ ಜುಲೈ ಮಳೆ ಹಿಡಿದರೆ ಕರೆಂಟಿನ ಭರವಸೆ ಇಲ್ಲ, ನೆಟ್ಟಿನದಂತೂ ಕೇಳುವುದೇ ಬೇಡ. ಇನ್‌ಸ್ಕ್ರಿಪ್ಷನ್ (2021), ಹ್ಯಾಂಡ್ ಆಫ್ ಫೇಟ್ (2015), ಕಲ್ಟಿಸ್ಟ್ ಸಿಮ್ಯುಲೇಟರ್ (2018) ಮೂರೂ ಒಬ್ಬರೇ ಆಡುವ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆ ನಡೆಯುವ ಕಂಪ್ಯೂಟರ್ ಆಟಗಳು. ಮೂರರಲ್ಲೂ ಎದುರಿಗೊಂದು ಮೇಜು, ಮೇಲೆ ಎಲೆ, ಸುತ್ತ ಕತ್ತಲು. ಭಯ ಹುಟ್ಟುವ ಜಾಗ ಮಾತ್ರ ಬೇರೆ ಬೇರೆ.

ಇನ್‌ಸ್ಕ್ರಿಪ್ಷನ್‌ನಲ್ಲಿ ಅದು ನಿಯಮದಲ್ಲೇ ಇದೆ. ಅಳಿಲಿನ ಕಾರ್ಡಿಗೆ ಬೆಲೆ ಇಲ್ಲ. ಹೊಡೆತ 0, ಜೀವ 1. ದೊಡ್ಡ ಪ್ರಾಣಿ ಇಳಿಸಬೇಕಾದರೆ ಮೇಜಿನ ಮೇಲಿನ ಚಿಕ್ಕದನ್ನು ಬಲಿ ಕೊಡಬೇಕು. ಒಂದು ಬಲಿಗೆ ಒಂದು ರಕ್ತದ ಲೆಕ್ಕ: ತೋಳಕ್ಕೆ ಎರಡು ರಕ್ತ, ಕರಡಿಗೆ ಮೂರು. ಕರಿ ಆಡು ಒಂದೇ ಮೂರು ರಕ್ತಕ್ಕೆ ಸಮ, ಅದರ ಬೆಲೆಯೋ ಒಂದೇ ರಕ್ತ. ಹಾಗಾಗಿ ಅಳಿಲು ಕೊಟ್ಟು ಆಡು, ಆಡು ಕೊಟ್ಟು ಕರಡಿ, ಎಲ್ಲ ಒಂದೇ ಸರದಿಯಲ್ಲಿ ಮುಗಿಯುತ್ತದೆ. ಹೊಡೆತದ ಲೆಕ್ಕ ಇಡುವ ತಕ್ಕಡಿ ಎದುರಾಳಿಯ ಕಡೆ ಐದು ತೂಕ ವಾಲಿದರೆ ಗೆಲುವು.

ಹೊಸಬರು ಸೋಲುವುದು ಸಿಕ್ಕ ಕಾರ್ಡನ್ನೆಲ್ಲ ಕಟ್ಟಿಗೆ ಸೇರಿಸಿ. ಸರದಿಗೆ ಎಳೆಯುವುದು ಒಂದೇ ಎಲೆ, ಅದೂ ಅಳಿಲಿನ ಕಟ್ಟಿನಿಂದಲೋ ಮುಖ್ಯ ಕಟ್ಟಿನಿಂದಲೋ ಎಂದು ಆರಿಸಿಕೊಂಡು. ಕಟ್ಟು ದಪ್ಪವಾದಷ್ಟೂ ಬೇಕಾದದ್ದು ತಡವಾಗಿ ಬರುತ್ತದೆ. ಬೆಂಕಿಯ ಬಳಿ ಕಾರ್ಡನ್ನು ಒಮ್ಮೆ ಕಾಯಿಸಿದರೆ ಬಲ ಏರುತ್ತದೆ. ಆಸೆಬಿದ್ದು ಇನ್ನೊಮ್ಮೆ ಇಟ್ಟರೆ ಅಲ್ಲಿ ಕೂತ ಹಸಿದವರು ಅದನ್ನೇ ತಿಂದುಬಿಡಬಹುದು.

ಕತೆ ಹೇಳುವ ಲೆಶಿ ಮುಖವಾಡ ಏರಿಸಿ ತಾನೇ ಎದುರಾಳಿಯೂ ಆಗುತ್ತಾನೆ, ಭಾಗವತರೇ ಎದ್ದು ಬಣ್ಣದ ವೇಷ ಕಟ್ಟಿದ ಹಾಗೆ. ಗಾಳದವನ ವೇಷದಲ್ಲಿ ಅವನು ಗುರಿಯಿಡುವುದು ನೀವು ಕೊನೆಗೆ ಇಳಿಸಿದ ಕಾರ್ಡಿಗೆ, ಮುಂದಿನ ಸರದಿಗೆ ಎಳೆದುಕೊಳ್ಳುತ್ತಾನೆ. ಕೊನೆಗೊಂದು ಅಳಿಲು ಬಿಡಿ. ಕಾರವಾರದ ಕಡೆಯವರಿಗೆ ಎರೆಯ ಲೆಕ್ಕ ಹೇಳಿಕೊಡಬೇಕೆ! ಅವನು ಚಿನ್ನ ಅಗೆಯುವವನ ವೇಷದಲ್ಲಿದ್ದಾಗ, ಮೊದಲ ದೀಪ (ಅಂದರೆ ಅವನ ಮೊದಲ ಜೀವ) ಆರಿಸುವಾಗ ಮಾತ್ರ ಒಳ್ಳೆಯ ಕಾರ್ಡುಗಳನ್ನು ಕೈಯಲ್ಲೇ ಉಳಿಸಿಕೊಳ್ಳಿ. ಮೇಜಿನ ಮೇಲಿದ್ದ ನಿಮ್ಮವೆಲ್ಲ ಚಿನ್ನದ ಗಟ್ಟಿಯಾಗುತ್ತವೆ.

ಲೆಶಿಯ ಗುಡಿಸಲಿನಲ್ಲಿ ನಡೆಯುವ ಈ ಮೊದಲ ಭಾಗ ಮುಗಿದ ಮೇಲೆ ಆಟದ ರೂಪವೇ ಬದಲಾಗುತ್ತದೆ. ಜಾಣತನ ಅಲ್ಲೂ ಇದೆ, ಆದರೆ ಆ ಕತ್ತಲು ಮತ್ತೆ ಸಿಗುವುದಿಲ್ಲ.

ಹ್ಯಾಂಡ್ ಆಫ್ ಫೇಟ್‌ನಲ್ಲೂ ಮೇಜಿನಾಚೆ ಒಬ್ಬ ಕೂತಿದ್ದಾನೆ. ಮಗುಚಿಟ್ಟ ಎಲೆಗಳೇ ದಾರಿ. ಹೆಜ್ಜೆಗೊಂದು ಆಹಾರ ಖರ್ಚು, ಅದು ತೀರಿದರೆ ಜೀವ ಇಳಿಯುತ್ತದೆ. ಅದೃಷ್ಟ ಪರೀಕ್ಷೆಯಲ್ಲಿ ನಾಲ್ಕು ಎಲೆ ಕಲಸುವಾಗ ಗೆಲುವಿನ ಒಂದನ್ನೇ ಕಣ್ಣಲ್ಲಿ ಹಿಂಬಾಲಿಸಿದರೆ ಎಷ್ಟೋ ಸಲ ಸಿಕ್ಕೇಸಿಗುತ್ತದೆ. ಕಾಳಗ ಬಂದಾಗ ಮಾತ್ರ ಕಾರ್ಡು ಬದಿಗೆ ಸರಿದು ಕತ್ತಿವರಸೆ ಶುರು. ಗೇಮ್‌ಪ್ಯಾಡ್ ಇದ್ದರೆ ಕೈಗೆ ಸುಲಭ, ಆದರೆ ಭಯ ಅಲ್ಲಿಗೆ ಆರಿಹೋಗುತ್ತದೆ.

ಕಲ್ಟಿಸ್ಟ್ ಸಿಮ್ಯುಲೇಟರ್ ಕಲಿಸುವುದು ಬಹಳ ಕಡಿಮೆ, ಇಂಗ್ಲಿಷ್ ಓದು ಮಾತ್ರ ರಾಶಿ. ಗಡಿಯಾರ ನಿಲ್ಲದೆ ಓಡುತ್ತದೆ. 60 ಸೆಕೆಂಡಿಗೊಮ್ಮೆ ಒಂದು ಹಣದ ಕಾರ್ಡು ಮಾಯ. ಹಣ ಇಲ್ಲದಿದ್ದರೆ ಹಸಿವು, ಹಸಿವಿನಿಂದ ಆರೋಗ್ಯವೇ ರೋಗ. ಹತಾಶೆಯ ಪೆಟ್ಟಿಗೆಗೆ ಮೂರು ಭೀತಿಯ ಕಾರ್ಡು ಬಿದ್ದರೆ ಆಟ ಮುಗಿಯಿತು. ಸ್ಪೇಸ್ ಬಾರ್ ಒತ್ತಿ ಆಟ ನಿಲ್ಲಿಸಿ ಎಲೆ ಜೋಡಿಸಿ, ಭೀತಿ ಕರಗಿಸುವ ಸಮಾಧಾನದ ಕಾರ್ಡೊಂದನ್ನು ಯಾವಾಗಲೂ ಉಳಿಸಿಕೊಳ್ಳಿ. ಮೊದಲ ಎರಡು ಮೂರು ಸಲ ಸೋಲುವುದು ಖಂಡಿತ. ಹಿಡಿತ ಸಿಕ್ಕ ಮೇಲೆ ಮೂರರಲ್ಲೂ ಇದರ ತಣ್ಣನೆಯ ಭಯವೇ ಹೆಚ್ಚು ದಿನ ಉಳಿಯುವುದು.

ಎರಡೇ ರಾತ್ರಿ ಬಿಡುವಿದ್ದರೆ ಇನ್‌ಸ್ಕ್ರಿಪ್ಷನ್. ದುಡ್ಡು ಹಾಕುವ ಮೊದಲು ರುಚಿ ನೋಡಬೇಕೆಂದರೆ, ಅದನ್ನು ಮಾಡಿದ ಡೇನಿಯಲ್ ಮಲ್ಲಿನ್ಸ್ ಅವರೇ 2018ರಲ್ಲಿ ಮಾಡಿದ ಸ್ಯಾಕ್ರಿಫೈಸಸ್ ಮಸ್ಟ್ ಬಿ ಮೇಡ್ ಎಂಬ ಪುಟ್ಟ ಆಟ ಪುಕ್ಕಟೆ ಸಿಗುತ್ತದೆ; ಒಂದೇ ಕೂರಿಕೆಗೆ ಮುಗಿಯುತ್ತದೆ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡರೆ ನೆಟ್ ಇರುವಾಗಲೇ ಒಮ್ಮೆ ಆಟ ತೆರೆದು, ಆಮೇಲೆ ಆಫ್‌ಲೈನ್ ಮೋಡಿಗೆ ಹಾಕಿಡಿ. ಇಳಿಸುವಾಗ ಕರೆಂಟು ಹೋದರೆ ಗಾಬರಿ ಬೇಡ, ನಿಂತಲ್ಲಿಂದಲೇ ಮುಂದುವರಿಯುತ್ತದೆ.